ಕಾವು ಬಿಡಿಸುವುದು

ಬೆಳಕು ಹರಿಯುವ ಮೊದಲು ಚಿಕ್ಕಮ್ಮ ಮುಗಿಸಬೇಕಾದ ಕೆಲಸಗಳು ಇವು. ಅತ್ತೆಯ ಮಂಚದ ಕೆಳಗಿನ ಬೋಗುಣಿ ಎತ್ತಿ ಬಚ್ಚಲಿಗೆ ಸುರಿದು, ಬೂದಿ ಹಾಕಿ ತಿಕ್ಕಿ, ಮತ್ತೆ ಅಲ್ಲೇ ಇಡುವುದು. ಅತ್ತೆಯನ್ನು ಗೋಡೆಯ ಮಗ್ಗುಲಿಂದ ಕಿಟಕಿಯ ಮಗ್ಗುಲಿಗೆ ಹೊರಳಿಸಿ, ಬೆನ್ನೊರೆಸಿ, ಹುಣ್ಣಾಗದ ಹಾಗೆ ಪೌಡರು ಹಚ್ಚುವುದು. ಒಲೆ ಹೊತ್ತಿಸಿ ನೀರಿಗಿಡುವುದು. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರದ ಸುತ್ತ ಬಿದ್ದ ಚಿಂದಿ ಗುಡಿಸಿ, ಅದರೊಳಗಿನ ಗುಂಡುಸೂಜಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕುವುದು. ಆರಿಸದೆ ಹಿತ್ತಲಿಗೆ ಎಸೆದರೆ ಕೋಳಿ ನುಂಗುತ್ತದೆ. ಹಾಗೆ ನುಂಗಿದ ಒಂದು ಹೇಂಟೆ ಎರಡು ದಿನ ಬಾಯಿ ತೆರೆದುಕೊಂಡು ನಿಂತು ಸತ್ತಿತ್ತು. ಆ ದಿನ ಗಿರಾಕಿಗಳಿಗೆ ಕೊಡಬೇಕಾದ ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಚ್ಚುವುದು. ಕೊನೆಗೆ ಹಿತ್ತಲಿಗೆ ಹೋಗಿ, ಗೂಡಿನ ತಗಡಿನ ಬಾಗಿಲಿಗೆ ಕಿವಿಯಿಟ್ಟು, ಒಳಗೆ ಯಾವುದಾದರೂ ಕಾಯಿಲೆ ಬಿದ್ದು ಗೊರಗೊರ ಎನ್ನುತ್ತಿದೆಯೇ ಎಂದು ಕೇಳಿಸಿಕೊಂಡು, ಆಮೇಲೆ ಅಗುಳಿ ತೆಗೆಯುವುದು.

ಅಷ್ಟು ಹೊತ್ತಿಗೆ ಕೂಡುರಸ್ತೆಯಲ್ಲಿ ಮೊದಲನೇ ಬಸ್ಸು ಹಾರ್ನ್ ಮಾಡುತ್ತದೆ. ಗಂಡ ಮಗ್ಗುಲು ಬದಲಿಸುತ್ತಾನೆ. ಅವನು ಎದ್ದು, ಚಹಾ ಕುಡಿದು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಯಂತ್ರದ ಮುಂದೆ ಕೂತಾಗ ಆ ಮನೆಯಲ್ಲಿ ಕೆಲಸ ಶುರುವಾಯಿತು ಎಂದು ಲೆಕ್ಕ. ಅದಕ್ಕಿಂತ ಮುಂಚೆ ನಡೆದದ್ದಕ್ಕೆ ಹೆಸರಿಲ್ಲ.

ಅವಳಿಗೂ ಹೆಸರಿಲ್ಲ ಅನ್ನುವಷ್ಟರ ಮಟ್ಟಿಗೆ ಎಲ್ಲರೂ ಅವಳನ್ನು ಚಿಕ್ಕಮ್ಮ ಎನ್ನುತ್ತಾರೆ. ಮೊದಲನೇ ಹೆಂಡತಿ ಜ್ವರದಲ್ಲಿ ತೀರಿಕೊಂಡು ವರ್ಷ ತುಂಬುವ ಮೊದಲೇ ಟೈಲರು ಇವಳನ್ನು ಮದುವೆಯಾಗಿ ತಂದ. ಎರಡು ವರ್ಷದ ಮಗಳಿದ್ದಳು. "ಅಮ್ಮ ಅನ್ನಿಸಬೇಡ, ಸತ್ತವಳ ಜಾಗ ಅದು. ಚಿಕ್ಕಮ್ಮ ಅನ್ನಲಿ" ಎಂದು ಅತ್ತೆ ಮೊದಲ ದಿನವೇ ತೀರ್ಮಾನ ಕೊಟ್ಟಳು. ಮಗು ಹಾಗೇ ಕರೆಯಿತು. ಆಮೇಲೆ ಬೀದಿ ಕರೆಯಿತು. ಈಗ ಗಂಡನೂ ಅಳತೆ ತೆಗೆದುಕೊಳ್ಳುತ್ತ, "ಚಿಕ್ಕಮ್ಮಾ, ಸೀಮೆಸುಣ್ಣ ತಾ" ಎಂದು ಕೂಗುತ್ತಾನೆ.

ಹಿತ್ತಲಿನ ಕೋಳಿಗಳು ಅವಳು ಬಂದಾಗ ಮೂರೋ ನಾಲ್ಕೋ ಇದ್ದವು. ಕಳೆದ ಮಳೆಗಾಲದ ಹೊತ್ತಿಗೆ ಹದಿನೈದರ ಆಸುಪಾಸು ಆಗಿದ್ದವು. ಗೂಡಿನ ಒಂದು ಗೋಡೆ ಹಳೆಯ ಬಾಗಿಲು, ಒಂದು ಗೋಡೆ ಟೈಲರಂಗಡಿಯ ಹಳೆಯ ಬೋರ್ಡು. ಅದರ ಮೇಲಿನ ಕೋಟಿನ ಚಿತ್ರ ಇನ್ನೂ ಅರ್ಧ ಕಾಣುತ್ತದೆ, ಗಂಡಸಿನ ತಲೆ ಮಾತ್ರ ಮಳೆಗೆ ಅಳಿಸಿಹೋಗಿದೆ. ಕೋಳಿ ಎಂದರೆ ಆ ಮನೆಯಲ್ಲಿ ತಾನೇ ಬೆಳೆಯುವ ವಸ್ತು. ಮೊಟ್ಟೆ ಎಂದರೆ ತಾನೇ ತಟ್ಟೆಗೆ ಬರುವ ವಸ್ತು.

ಮೊದಲ ಮಳೆಗಾಲದಲ್ಲೇ ಅತ್ತೆ ಅವಳಿಗೆ ಕಾವು ಬಿಡಿಸುವುದನ್ನು ಕಲಿಸಿದಳು. ಒಂದು ಕಪ್ಪು ಹೇಂಟೆ ಗೂಡಿನ ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ಕೈ ಹಾಕಿದರೆ ಕುಕ್ಕುತ್ತಿತ್ತು, ಮೇವಿಗೆ ಏಳುತ್ತಿರಲಿಲ್ಲ.

"ಮಳೇಲಿ ಕಾವಿಗೆ ಕೂತಿದೆ, ಬುದ್ಧಿ ಇಲ್ಲ ಇದಕ್ಕೆ" ಎಂದಳು ಅತ್ತೆ. "ಕೂತ್ರೆ ಮೊಟ್ಟೆ ನಿಂತ್ಹೋಗುತ್ತೆ. ಮರಿ ಬಂದ್ರೂ ಶೀತಕ್ಕೆ ಸಾಯ್ತವೆ. ಹಿಡ್ಕೊ, ರೆಕ್ಕೆ ಸೇರಿಸಿ ಹಿಡ್ಕೊ."

ಬಾವಿಯ ತಣ್ಣೀರು ತುಂಬಿದ ಬಕೆಟ್ಟಿನಲ್ಲಿ ಹೇಂಟೆಯ ಹೊಟ್ಟೆಯನ್ನು ಮುಳುಗಿಸಿ ಎತ್ತಬೇಕು, ಮತ್ತೆ ಮುಳುಗಿಸಬೇಕು. ಹೊಟ್ಟೆಯ ಬಿಸಿ ಆರಬೇಕು. ಆಮೇಲೆ ಬರಿನೆಲದ ಮೇಲೆ ಬುಟ್ಟಿ ಕವುಚಿ ಒಳಗೆ ಬಿಟ್ಟು, ಬುಟ್ಟಿಯ ಮೇಲೆ ಭಾರ ಹೇರಬೇಕು. ಟೈಲರನ ತಂದೆಯ ಕಾಲದ, ತಳ ಒಡೆದ ಕಬ್ಬಿಣದ ಇಸ್ತ್ರಿಪೆಟ್ಟಿಗೆಯೊಂದು ಅದಕ್ಕೆಂದೇ ಇತ್ತು. ಮೂರು ದಿನ ಕಾಳಿಲ್ಲ, ಹುಲ್ಲಿಲ್ಲ, ಸಂಜೆಗೊಂದು ಗುಟುಕು ನೀರು. ನಾಲ್ಕನೇ ದಿನ ಬುಟ್ಟಿ ಎತ್ತಿದರೆ ಹೇಂಟೆ ಮೈ ಕೊಡವಿಕೊಂಡು, ಏನೂ ಆಗಲಿಲ್ಲವೆಂಬಂತೆ ಮಣ್ಣು ಕೆದಕಲು ಹೋಗುತ್ತದೆ.

"ನೋಡು, ಮರೆತೇಹೋಯ್ತು" ಎಂದು ಅತ್ತೆ ನಕ್ಕಳು. "ಇಷ್ಟೇ. ಮೂರು ದಿನದ ವೇದನೆ."

ಎರಡನೆಯ ಮಳೆಗಾಲದಲ್ಲಿ ಚಿಕ್ಕಮ್ಮನಿಗೆ ತಿಂಗಳು ತಪ್ಪಿತು. ಅವಳಿಗಿಂತ ಮೊದಲೇ ಅತ್ತೆಗೆ ಗೊತ್ತಾಯಿತು. ಕೋಳಿಯನ್ನು ನೋಡಿದ ಹಾಗೆ ಓರೆಗಣ್ಣಿನಲ್ಲಿ ನೋಡಿಯೇ ತಿಳಿದುಕೊಂಡಳು.

"ಈಗ ಬೇಡ. ಆ ಮಗೂಗೆ ಇನ್ನೂ ಕುಂಡೆ ತೊಳೆಯೋಕೆ ಬರಲ್ಲ. ನಿಂದೇ ಒಂದು ಬಂದ್ರೆ ಇದನ್ನ ಯಾರು ನೋಡ್ತಾರೆ?"

ಅವಳು ಗಂಡನ ಮುಖ ನೋಡಿದಳು. ಅವನು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದ, ದಾರ ಹಲ್ಲಿನಲ್ಲಿತ್ತು. ದಾರ ತೆಗೆಯದೆಯೇ ಹೇಳಿದ: "ಅಮ್ಮ ಹೇಳ್ದಂಗೆ ಮಾಡು. ಮುಂದೆ ಆಗಲ್ವಾ?"

ಅತ್ತೆಯೇ ಕರೆದುಕೊಂಡು ಹೋದಳು. ಪರಿಚಯದ ದಾದಿಯೊಬ್ಬಳ ಮನೆಯ ಹಿಂಬಾಗಿಲು, ಮೇಜಿನ ಮೇಲೆ ಹಾಸಿದ ಹಳೆಯ ಕ್ಯಾಲೆಂಡರು, ಬಕೆಟ್ಟು. ಮುಂದೆ ಆಗಲಿಲ್ಲ. ಆವತ್ತು ಹತ್ತಿದ ಜ್ವರ ಒಳಗೆ ಏನನ್ನೋ ಸುಟ್ಟುಬಿಟ್ಟಿತು ಎಂದು ಬಹಳ ವರ್ಷದ ಮೇಲೆ ಬೇರೆ ಡಾಕ್ಟರೊಬ್ಬಳು ಹೇಳಿದಳು. ಮನೆಗೆ ತಂದು ಅವಳನ್ನು ಕಾಳಿನ ಕೋಣೆಯಲ್ಲಿ ಮಲಗಿಸಿದರು. ಕಿಟಕಿಯಿಲ್ಲದ ಕೋಣೆ. ರಕ್ತದ ಬಟ್ಟೆ ಮಗು ನೋಡಬಾರದು ಎಂದು ಅತ್ತೆ ಹೊರಗಿಂದ ಚಿಲಕ ಹಾಕಿದಳು. ಹೊತ್ತಿಗೆ ಒಂದು ಲೋಟ ಗಂಜಿ. ಬಾಗಿಲ ಆಚೆ ಮಗಳು, "ಚಿಕ್ಕಮ್ಮಾ, ಬಾ, ಬಾ" ಎಂದು ಅಂಗೈಯಿಂದ ಬಾಗಿಲು ಬಡಿಯುತ್ತಿದ್ದಳು. ಅದೊಂದೇ ಸದ್ದು.

ನಾಲ್ಕನೇ ದಿನ ಚಿಲಕ ತೆಗೆದಾಗ ಅವಳು ಹೊರಗೆ ಬಂದು, ಪೊರಕೆ ಹಿಡಿದು ಹಿತ್ತಲು ಗುಡಿಸಿದಳು. ಅತ್ತೆ ಗೋಡೆಯಾಚೆಯವರಿಗೆ ಹೇಳುವುದು ಕೇಳಿಸಿತು. "ನೋಡಿ, ಹೆಂಗೆ ಕೆಲಸಕ್ಕೆ ಹತ್ತಿದ್ಲು. ಗಟ್ಟಿ ಹೆಣ್ಣು."

ಆ ಮಗುವನ್ನು ಅವಳೇ ಬೆಳೆಸಿದಳು. ಹಾಲುಹಲ್ಲು ಬಿದ್ದದ್ದು, ಶಾಲೆಯಲ್ಲಿ ವಾಂತಿ ಮಾಡಿಕೊಂಡದ್ದು, ಮೊದಲ ಸಲ ಮುಟ್ಟಾಗಿ ಗೂಡಿನ ಹಿಂದೆ ಅಡಗಿ ಕೂತದ್ದು, ಎಲ್ಲಕ್ಕೂ ಅವಳ ಕೈಯೇ. ಮಗಳಿಗೂ ರಾತ್ರಿ ಕಾಲು ಹಾಕಲು ಚಿಕ್ಕಮ್ಮನ ಹೊಟ್ಟೆಯೇ ಬೇಕಿತ್ತು. ಎರಡು ವರ್ಷದ ಕೆಳಗೆ ಮದುವೆಯಾಗಿ, ಅರ್ಧ ದಿನದ ಪ್ರಯಾಣದ ಊರಿಗೆ ಹೋದಳು. ಅದೇ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಹಿಂಬದಿಯ ಕೋಣೆಯ ಕಿಟಕಿಯ ಪಕ್ಕ ಮಂಚ ಹಿಡಿದಳು.

ಅಲ್ಲಿಂದ ಹಿತ್ತಲೆಲ್ಲ ಕಾಣುತ್ತದೆ. ಅತ್ತೆಯ ಕೈಯಲ್ಲಿ ಒಂದು ಕೋಲು. ಅದನ್ನು ಕಿಟಕಿಯ ಸರಳಿನಿಂದ ಹೊರಗೆ ಚಾಚಿ ಗೂಡಿನ ತಗಡಿಗೆ ಬಡಿದರೆ ಚಿಕ್ಕಮ್ಮ ಎಲ್ಲಿದ್ದರೂ ಬರಬೇಕು. ನೀರು, ಬೋಗುಣಿ, ಬೆನ್ನು ತುರಿಕೆ. ಮಿಕ್ಕ ಹೊತ್ತು ಅತ್ತೆ ಕೋಳಿ ಎಣಿಸುತ್ತಾಳೆ. ಯಾವುದು ಯಾವುದನ್ನು ಕುಕ್ಕಿತು, ಯಾವುದು ಬೇಲಿಯಡಿ ಕಳ್ಳಮೊಟ್ಟೆ ಇಟ್ಟಿತು, ಯಾವುದರ ಜುಟ್ಟು ಬಾಡಿತು, ಎಲ್ಲ ಅವಳಿಗೆ ಗೊತ್ತು. "ಅದೊಂದು ಕಿಟಕಿ ಇಲ್ದಿದ್ರೆ ನಾನು ಯಾವತ್ತೋ ಸತ್ತಿರ್ತಿದ್ದೆ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಕಿಟಕಿಯ ಚಿಲಕ ತುಕ್ಕು ತಿಂದು ಉದುರಿ ಬಹಳ ಕಾಲವಾಗಿದೆ. ಟೈಲರಿಗೆ ಅದನ್ನು ಹಾಕಿಸಲು ಬಿಡುವಾಗಿಲ್ಲ. ಗಾಳಿ ಬಂದಾಗ ಬಾಗಿಲು ಹೊಡೆದುಕೊಂಡರೆ ಚಿಕ್ಕಮ್ಮ ಹೊರಗಿಂದ ಕಟ್ಟೆಯ ಮೇಲೆ ಏನಾದರೂ ಭಾರ ಒರಗಿಸುತ್ತಾಳೆ.

ಕಳೆದ ಮಳೆಗಾಲದ ಕೊನೆಯಲ್ಲಿ ಕೋಳಿಗಳು ಗರಿ ಉದುರಿಸತೊಡಗಿದವು. ಪ್ರತಿ ವರ್ಷವೂ ಹೀಗೇ. ಬಾಲ ಬೋಳಾಗಿ, ಕುತ್ತಿಗೆ ಬೋಳಾಗಿ, ಮುಖ ಸಣ್ಣದಾಗಿ, ನಾಚಿಕೊಂಡವರಂತೆ ಗೋಡೆ ಬದಿಗೆ ನಿಲ್ಲುತ್ತವೆ. ಮೊಟ್ಟೆ ನಿಲ್ಲುತ್ತದೆ. ಹೊಸ ಗರಿ ಬಂದ ಮೇಲೆ ಮತ್ತೆ ಶುರು.

ಟೈಲರ ತಟ್ಟೆಯಲ್ಲಿ ಮೊಟ್ಟೆ ಇಲ್ಲದೆ ಒಂದು ವಾರ ಕಳೆಯಿತು.

"ಆ ಕೆಂಚಿ ಕೋಳಿ ಮುದಿಯಾಯ್ತು. ಮೈಮೇಲೆ ಗರಿನೇ ಇಲ್ಲ" ಎಂದ.

"ಇಲ್ಲ ರೀ, ಗರಿ ಬದಲಾಯಿಸ್ತಾ ಇದೆ. ಬಾಲದಲ್ಲಿ ಹೊಸದು ಮೂಡಿದೆ ನೋಡಿ. ಇನ್ನು ಕೆಲವೇ ದಿನ."

"ನಿಂಗೆ ಬಿಟ್ರೆ ಅವನ್ನೆಲ್ಲ ಮಂಚದ ಮೇಲೆ ಮಲಗಿಸ್ತೀಯ" ಎಂದು ಕಿಟಕಿಯೊಳಗಿಂದ ಅತ್ತೆ. "ಇಡದೇ ಇರೋದಕ್ಕೆ ಕಾಳು ಯಾಕೆ ದಂಡ?"

ಅವನೇ ಕೊಯ್ದ. ಬಟ್ಟೆಗೆ ರಕ್ತ ಹಾರದ ಹಾಗೆ ಗಿರಾಕಿಯೊಬ್ಬನ ಹರಿದ ಅಂಗಿಯನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ. ಕ್ಲೀನು ಮಾಡುವುದು ಮಾತ್ರ ಅವಳ ಪಾಲು. ಹೊಟ್ಟೆ ಸೀಳಿ ಬೆರಳು ಹಾಕಿದಾಗ ಬೆಚ್ಚಗೆ ಏನೋ ತಗುಲಿತು. ಹೊರಗೆಳೆದಳು. ದ್ರಾಕ್ಷಿಗೊಂಚಲಿನ ಹಾಗೆ ಹಳದಿ ಉಂಡೆಗಳು, ದೊಡ್ಡದು, ಅದಕ್ಕಿಂತ ಸಣ್ಣದು, ಸಾಸಿವೆಯಷ್ಟರದು. ಎಲ್ಲಕ್ಕಿಂತ ಮುಂದಿನದಕ್ಕೆ ಚಿಪ್ಪು ಕಟ್ಟಲು ಶುರುವಾಗಿತ್ತು. ನಾಳೆಯೋ ನಾಡಿದ್ದೋ ಇಡುತ್ತಿತ್ತು.

ತಟ್ಟೆಯಲ್ಲಿಟ್ಟು ಗಂಡನಿಗೆ ತೋರಿಸಿದಳು. ಅವನು ಬಗ್ಗಿ ನೋಡಿ, "ಅರೆ" ಎಂದ.

"ಅವನ್ನೂ ಅಡುಗೆಗೇ ಹಾಕು. ಬಿಸಾಕ್ಬೇಡ, ರುಚಿಯಾಗಿರುತ್ತೆ" ಎಂದಳು ಅತ್ತೆ.

ಅದೇ ವಾರ ಮಗಳ ಫೋನು ಬಂತು. ಗಂಡ ಹೊಲಿಗೆ ನಿಲ್ಲಿಸಿ, ಸ್ಪೀಕರು ಹಾಕಿ ಎಲ್ಲರಿಗೂ ಕೇಳಿಸಿದ. ಮಗಳು ಅಳುತ್ತ ನಗುತ್ತ, "ಚಿಕ್ಕಮ್ಮಾ, ನಂಗೆ ಎರಡು ತಿಂಗಳು" ಎಂದಳು. "ಊಟ ನೋಡಿದ್ರೇ ಆಗಲ್ಲ. ಇವರು ತವರಿಗೆ ಕಳಿಸಲ್ವಂತೆ, ಹೆರಿಗೆ ಹೊತ್ತಿಗೆ ನೀನು ಬಂದು ಇರ್ಬೇಕು. ಇಲ್ಲಿ ನಂಗೆ ಯಾರೂ ಇಲ್ಲ."

"ಬರ್ತೀನಿ ಮಗಾ" ಎಂದಳು ಚಿಕ್ಕಮ್ಮ. ಕೈಯಲ್ಲಿದ್ದ ಗುಂಡಿಯನ್ನು ಹಿಚುಕುತ್ತ ನಿಂತಳು.

ಅವತ್ತಿನಿಂದ ಅವಳ ಕಾಲ ಎರಡು ಲೆಕ್ಕದಲ್ಲಿ ನಡೆಯಿತು, ಕೋಳಿಯದು ಮತ್ತು ಮಗಳ ಹೊಟ್ಟೆಯದು. ಬಾಣಂತಿಗೆ ಎಳೆ ಕೋಳಿ ಬೇಕು, ದಿನಾ ತಾಜಾ ಮೊಟ್ಟೆ ಬೇಕು. ಹೆರಿಗೆ ಬೇಸಿಗೆಯಲ್ಲಿ. ಆದ್ದರಿಂದ ಚಳಿ ಬೀಳುತ್ತಿದ್ದಂತೆ ಮರಿ ಮಾಡಿಸಬೇಕು. ಈ ಸಲ ಅತ್ತೆಯೇ ಅಪ್ಪಣೆ ಕೊಟ್ಟಳು. "ಚುಕ್ಕಿನ ಕೂರಿಸು. ಅದು ಕಲ್ಲಿನ ಮೇಲೆ ಕೂತ್ರೂ ಮರಿ ತೆಗೆಯುತ್ತೆ."

ಚುಕ್ಕಿ ಎಂಬ ಆ ಮಚ್ಚೆಮಚ್ಚೆಯ ಹೇಂಟೆಯ ಕಾವನ್ನು ಚಿಕ್ಕಮ್ಮ ಎಷ್ಟು ಸಲ ಬಿಡಿಸಿದ್ದಳೋ. ಪ್ರತಿ ಮಳೆಗಾಲ ಅದು ಹಟ ಹಿಡಿದು ಕೂರುತ್ತಿತ್ತು, ಇವಳು ತಣ್ಣೀರಿಗೆ ಅದ್ದುತ್ತಿದ್ದಳು. ಅತ್ತೆ ಮಂಚ ಹಿಡಿದ ಮೇಲೂ ಆ ಕೈ ತಪ್ಪಲಿಲ್ಲ. ಕಿಟಕಿಯಿಂದ ಕೋಲು ಬಡಿದರೆ ಸಾಕಿತ್ತು. ಇವಳಿಗೆ ಅದರಲ್ಲಿ ಒಂದು ಪಳಗಿದ ಚುರುಕು ಕೂಡ ಬಂದಿತ್ತು. ರೆಕ್ಕೆ ಸೇರಿಸಿ ಹಿಡಿಯುವುದು, ಕೊಕ್ಕು ತಾಗದಂತೆ ತಿರುಗಿಸುವುದು, ಅದು ಉಸಿರು ಕಟ್ಟಿ ಕಣ್ಣು ಮೇಲೆ ಮಾಡುವಷ್ಟರಲ್ಲಿ ಎತ್ತುವುದು. ಬೀದಿಯ ಹೆಂಗಸರು ತಮ್ಮ ಕೋಳಿಗಳನ್ನೂ ತಂದು, "ಚಿಕ್ಕಮ್ಮಾ, ನಿನ್ನ ಕೈಯಲ್ಲಿ ಬೇಗ ಬಿಡುತ್ತೆ" ಎಂದು ಕೊಡುತ್ತಿದ್ದರು.

ಈಗ ಚುಕ್ಕಿಗೆ ಹನ್ನೆರಡು ಮೊಟ್ಟೆ ಇಟ್ಟಳು. ಎದುರುಮನೆಯ ಮೊಟ್ಟೆ ಅಂಗಡಿಯವಳು ನೋಡಲು ಬಂದಳು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

"ಏನು ಚಿಕ್ಕಮ್ಮಾ, ಈ ಮನೇಲಿ ಕಡೆಗೂ ಒಬ್ಬಳಿಗೆ ಕೂರೋಕೆ ಬಿಟ್ರಾ?"

"ಮೆತ್ತಗೆ ಮಾತಾಡಿ. ಕಿಟಕಿ ತೆಗೆದಿದೆ."

"ಇರ್ಲಿ ಬಿಡು. ನಿಮ್ಮನೇಲಿ ಕೂಗೋ ಹುಂಜ ಎರಡು. ಒಂದು ಗೂಡಲ್ಲಿ, ಒಂದು ಮಿಷನ್ ಮುಂದೆ. ಗೂಡಲ್ಲಿರೋದು ಹದ್ದು ಬಂದ್ರೆ ಕೂಗಿಯಾದ್ರೂ ಹೇಳುತ್ತೆ."

ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಿಟಕಿಯಿಂದ ಕೋಲು ಬಡಿಯಿತು.

ಮರಿ ಹತ್ತು ಬಂದವು. ಒಂದು ಮೊಟ್ಟೆ ಕೆಟ್ಟಿತ್ತು. ಇನ್ನೊಂದರೊಳಗಿನ ಮರಿ ಚಿಪ್ಪು ಒಡೆಯಲು ಶಕ್ತಿ ಸಾಲದೆ ಕೊಕ್ಕಷ್ಟೇ ಹೊರಗೆ ಹಾಕಿ ನಿಂತುಹೋಯಿತು. ಕೈಯಿಂದ ಸುಲಿದು ತೆಗೆದರೆ ಅಂಥವು ಬದುಕುವುದಿಲ್ಲ. ಸುಲಿಯಲಿಲ್ಲ. ಸಂಜೆಯವರೆಗೆ ಅದರ ಕೀಚು ಕೇಳಿಸಿತು. ಚಳಿ ಕಚ್ಚುತ್ತಿತ್ತು. ಮರಿಗಳನ್ನು ತಾಯಿಯ ಸಮೇತ ಒಲೆಯ ಬದಿಗೆ ತಂದು, ಗಂಡನ ಚಿಂದಿಯನ್ನು ಸೂಜಿ ಆರಿಸಿ ಕೆಳಗೆ ಹಾಸಿದಳು. ಒಂದನ್ನು ಗಿಡುಗ ಒಯ್ದಿತು, ಒಂದನ್ನು ಹುಂಜವೇ ತಲೆ ಕುಕ್ಕಿ ಕೊಂದಿತು. ಗಾಯವಾದ ಇನ್ನೊಂದನ್ನು ಉಳಿದ ಮರಿಗಳೇ ರಕ್ತ ಕಂಡು ಸುತ್ತ ನಿಂತು ತಿಂದವು; ಅವಳು ನೀರು ತರಲು ಹೋಗಿ ಬರುವಷ್ಟರಲ್ಲಿ ಬೆನ್ನು ಖಾಲಿಯಾಗಿತ್ತು. ಉಳಿದದ್ದು ಏಳು.

ಅದೇ ಚಿಂದಿಯಲ್ಲಿ ಅವಳು ಹಸುಗೂಸಿನ ಅಂಗಿಗಳನ್ನೂ ಹೊಲಿದಳು. ಗಂಡ ಊಟಕ್ಕೆ ಎದ್ದಾಗ ಯಂತ್ರದ ಮುಂದೆ ಕೂತು, ಅವನು ಕೈ ತೊಳೆಯುವಷ್ಟರಲ್ಲಿ ಎದ್ದುಬಿಡಬೇಕು. ಯಾರದೋ ನಿಲುವಂಗಿಯ ಹೂವು, ಯಾರದೋ ಪರದೆಯ ಗೆರೆ, ಯಾರದೋ ಸಮವಸ್ತ್ರದ ನೀಲಿ. ಒಳಗಿನ ಹೊಲಿಗೆ ಮೈಗೆ ಒತ್ತದ ಹಾಗೆ ಅಂಚನ್ನು ಹೊರಗೆ ಮಡಿಸಿದಳು. ಗಂಡ ಒಂದನ್ನು ಬೆರಳಿಗೆ ತೊಡಿಸಿ ನೋಡಿ, "ಪರವಾಗಿಲ್ವೆ, ನನ್ನ ಕೆಲಸ ನೋಡಿ ನೋಡಿ ಕಲ್ತಿದ್ದೀಯ" ಎಂದ. ಅವನ ಅಂಗಡಿಯ ಅಷ್ಟೂ ಗುಂಡಿ ಹಚ್ಚಿದ್ದು ತಾನು ಎಂದು ಅವಳು ಹೇಳಲಿಲ್ಲ.

ಬೇಸಿಗೆ ಬಂತು. ಬಿಸಿಲೇರುತ್ತಿದ್ದಂತೆ ಬೀದಿಗೆ ಕೊಕ್ಕರೆ ರೋಗ ಬಂತು. ಕೋಳಿ ತೂಕಡಿಸುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಕುತ್ತಿಗೆ ತಿರುಚಿಕೊಂಡು ಬೀಳುತ್ತದೆ. ಚಿಕ್ಕಮ್ಮ ಮಗಳಿಗೆಂದು ಬೆಳೆಸಿದ ಏಳನ್ನೂ ಮೊದಲೇ ಬಚ್ಚಲುಮನೆಗೆ ಸಾಗಿಸಿ, ಬೇರೆ ನೀರು, ಬೇರೆ ತಟ್ಟೆ ಮಾಡಿದಳು. ಹೊರಗಿನವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಒಂದೊಂದನ್ನೂ ಬೇಲಿಯಾಚೆ ಗುಂಡಿ ತೋಡಿ ಸುಣ್ಣ ಹಾಕಿ ಹೂತಳು. ಅವಳು ಹಾಗೆ ಹೂಳುತ್ತಿದ್ದ ಒಂದು ಮಧ್ಯಾಹ್ನ ಅತ್ತೆ ಮಗನ ಫೋನು ಇಸಿದುಕೊಂಡು ಬಹಳ ಹೊತ್ತು ಯಾರೊಂದಿಗೋ ಮಾತಾಡಿದಳು. ಗುದ್ದಲಿಯ ಸದ್ದಿನಲ್ಲಿ ಚಿಕ್ಕಮ್ಮನಿಗೆ ಏನೂ ಕೇಳಿಸಲಿಲ್ಲ.

ಮಗಳು ಹೆತ್ತಳು. ಹೆಣ್ಣು. ಚಿಕ್ಕಮ್ಮ ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿದಳು, ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುಗಿದಳು, ಎಳೆ ಕೋಳಿಗಳ ಕಾಲು ಕಟ್ಟಿದಳು. ಆಗ ಫೋನು ಬಂತು.

"ಚಿಕ್ಕಮ್ಮಾ... ನೀನು ಈಗ್ಲೇ ಬರ್ಬೇಡ. ಇಲ್ಲಿ ನಮ್ಮತ್ತೆ ಸ್ವಲ್ಪ ಹಂಗೆ."

"ಹಂಗೆ ಅಂದ್ರೆ?"

"ಮಕ್ಕಳಾಗದೋರು ಹಸುಗೂಸು ಎತ್ಕೊಂಡ್ರೆ ಅವರಿಗೆ ಸರಿ ಬರಲ್ಲ. ಕಣ್ಣಾಗುತ್ತೆ ಅಂತಾರೆ. ನಂಗೆ ಹಂಗೆಲ್ಲ ಏನಿಲ್ಲ, ನಿಂಗೆ ಗೊತ್ತಲ್ಲ. ಸುಮ್ನೆ ಬಂದು ನಿನ್ನ ಮುಂದೇನೇ ಅವರು ಏನಾದ್ರೂ ಅಂದ್ರೆ... ಸ್ವಲ್ಪ ದೊಡ್ಡದಾಗ್ಲಿ. ಫೋಟೊ ಕಳಿಸ್ತೀನಿ. ಕೋಳಿ ಮಾತ್ರ ಅಪ್ಪನ ಹತ್ರ ಕಳಿಸು, ನಂಗೆ ಅದೊಂದೇ ಸೇರ್ತಾ ಇರೋದು."

"ಹೂಂ" ಎಂದಳು ಚಿಕ್ಕಮ್ಮ. "ಜಾಸ್ತಿ ಮಾತಾಡ್ಬೇಡ, ಸುಸ್ತಾಗುತ್ತೆ."

ಟೈಲರು ಮಾರನೆಯ ಬೆಳಿಗ್ಗೆ ಹೊಸ ಅಂಗಿ ತೊಟ್ಟು ಹೊರಟ. ಒಂದು ಕೈಯಲ್ಲಿ ಮೊಟ್ಟೆಯ ಬುಟ್ಟಿ, ಇನ್ನೊಂದು ಕೈಯಲ್ಲಿ ತಲೆಕೆಳಗಾಗಿ ತೂಗುವ ಏಳು ಕೋಳಿ, ಬಗಲಲ್ಲಿ ಪುಟ್ಟ ಅಂಗಿಗಳ ಪೊಟ್ಟಣ. ಎಂಟು ಹೊಲಿದಿದ್ದಳು. ಏಳು ಕೊಟ್ಟಳು, ಒಂದನ್ನು ತನ್ನ ಚೀಲದಲ್ಲೇ ಉಳಿಸಿಕೊಂಡಳು, ಅದೇಕೆಂದು ತಿಳಿಯದೆ.

"ಮೂರು ದಿನ ಇದ್ದು ಬರ್ತೀನಿ. ನೀನೂ ಬಂದಿದ್ರೆ ಅಮ್ಮನ್ನ ನೋಡ್ಕೊಳ್ಳೋರು ಯಾರು? ಒಂಥರಾ ಒಳ್ಳೇದೇ ಆಯ್ತು ಬಿಡು" ಎಂದ.

ಹಿತ್ತಲಿನಲ್ಲಿ ಚುಕ್ಕಿ ಬುಟ್ಟಿಯ ಕೆಳಗಿತ್ತು. ರೋಗದಲ್ಲಿ ಬದುಕುಳಿದು ಮತ್ತೆ ಕಾವಿಗೆ ಬಂದಿತ್ತು. "ಇರೋ ನಾಲ್ಕು ಹೇಂಟೆಲಿ ಇದೊಂದೂ ಕೂತ್ರೆ ನನ್ನ ಮೊಟ್ಟೆಗೆ ಏನ್ಮಾಡ್ಲಿ?" ಎಂದು ಅತ್ತೆ ಹಿಂದಿನ ದಿನವೇ ಕಾವು ಬಿಡಿಸಲು ಹೇಳಿದ್ದಳು. ಚಿಕ್ಕಮ್ಮ ಬಿಡಿಸುತ್ತಿದ್ದಳು.

ಮಧ್ಯಾಹ್ನ ಮೊಟ್ಟೆ ಅಂಗಡಿಯವಳು ಬಂದು, ಕೇಳಿ, ಸೊಂಟದ ಮೇಲೆ ಕೈಯಿಟ್ಟಳು.

"ಹತ್ತು ನಿಮಿಷ ಹೆತ್ತು ಹೋದೋಳು ಅಮ್ಮ, ಇಪ್ಪತ್ತು ವರ್ಷ ಕುಂಡೆ ತೊಳೆದೋಳು ಕಣ್ಣು ಹಾಕೋಳಾ? ನೀನು ಹೋಗು. ನಾಳೆ ಮೊದಲನೇ ಬಸ್ಸು ಹತ್ತು. ಮುದುಕಿನ ನಾನು ನೋಡ್ಕೊತೀನಿ."

"ಬೋಗುಣಿ ಎತ್ತಬೇಕು."

"ನಮ್ಮತ್ತೆದು ಎತ್ತಿಲ್ವಾ ನಾನು? ಎಲ್ಲಾ ಅತ್ತೇರ್ದೂ ಒಂದೇ ವಾಸನೆ. ಹೋಗು. ಬಾಗಿಲಲ್ಲಿ ನಿಂತು ಕೂಗು. ಆ ಹುಡುಗಿ ನಿನ್ನ ದನಿ ಕೇಳಿದ್ರೆ ಒಳಗೆ ಕೂತಿರ್ತಾಳಾ?"

ಬಾಗಿಲ ಆಚೆ ಅಂಗೈಯಿಂದ ಬಡಿಯುತ್ತಿದ್ದ ಮಗು ನೆನಪಾಯಿತು. ಸಂಜೆ ಅತ್ತೆಯನ್ನು ಗೋಡೆಯ ಮಗ್ಗುಲಿಗೆ ಹೊರಳಿಸುತ್ತ ಹೇಳಿದಳು.

"ನಾಳೆ ಬೆಳಿಗ್ಗೆ ನಾನೂ ಹೋಗ್ತೀನಿ ಅತ್ತೆ. ಎದುರುಮನೆಯವರು ಬಂದು ಇರ್ತಾರೆ."

ಅತ್ತೆ ತಟ್ಟನೆ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಇನ್ನೂ ಗಟ್ಟಿಯಾಗಿತ್ತು.

"ಆ ಬಾಯಿಬಡುಕಿ ನನ್ನ ಮುಟ್ಟಬಾರ್ದು. ಹೋಗ್ಬೇಡ ನೀನು."

"ಮೂರು ದಿನ ಅಷ್ಟೇ."

"ಹೋದ್ರೂ ಒಳಗೆ ಬಿಡಲ್ಲ ಕಣೆ. ನಾನೇ ಹೇಳಿದ್ದೀನಿ ಅವಳ ಅತ್ತೆಗೆ."

ಚಿಕ್ಕಮ್ಮನ ಕೈಯಲ್ಲಿ ಪೌಡರಿನ ಡಬ್ಬಿ ಇತ್ತು. "ಏನಂತ?" ಎಂದು ಕೇಳಿದಳು.

"ಇದ್ದದ್ದೇ. ಇವಳಿಗೆ ಹೊಟ್ಟೆ ತೆರೆದಿಲ್ಲ, ಕೂಸು ಎತ್ತಿಸ್ಬೇಡಿ ಅಂತ." ಅತ್ತೆಯ ದನಿಯಲ್ಲಿ ನಾಚಿಕೆಯಾಗಲಿ ಸಿಟ್ಟಾಗಲಿ ಇರಲಿಲ್ಲ, ಬರಿಯ ಗಾಬರಿಯಿತ್ತು. "ಮತ್ತೇನು ಮಾಡ್ಲಿ? ನೀನು ಅಲ್ಲಿಗೆ ಹೋದ್ರೆ ತಿಂಗಳುಗಟ್ಟಲೆ ಬರ್ತಿರ್ಲಿಲ್ಲ. ನನ್ನ ಉಚ್ಚೆ ಯಾರು ಎತ್ತುತಿದ್ರು? ಅವನು ಎತ್ತುತಿದ್ನಾ, ನನ್ನ ಮಗ? ಮೂಗು ಮುಚ್ಕೊಂಡು ಬಾಗಿಲಲ್ಲೇ ನಿಲ್ತಾನೆ. ನೀನು ಬೇಕು ನಂಗೆ. ಅಷ್ಟೇ."

ಆಮೇಲೆ ಸ್ವಲ್ಪ ಮೆತ್ತಗಾಗಿ, "ಎರಡು ದಿನ ಬೇಜಾರಾಗುತ್ತೆ. ಆಮೇಲೆ ಮರೆತುಹೋಗುತ್ತೆ. ಮುಂಚೆನೂ ಮರೆತಿಲ್ವಾ?" ಎಂದಳು.

ಚಿಕ್ಕಮ್ಮ ಬೆನ್ನಿಗೆ ಪೌಡರು ಹಚ್ಚಿ, ಹೊದಿಕೆ ಸರಿಮಾಡಿ, ದೀಪ ಆರಿಸಿ ಬಂದಳು.

ಮಾರನೆಯ ದಿನ ಬೆಳಕು ಹರಿಯುವ ಮೊದಲು ಎಲ್ಲ ಕೆಲಸ ಮುಗಿಸಿದಳು. ಬೋಗುಣಿ ತಿಕ್ಕಿಟ್ಟಳು. ಅತ್ತೆಯನ್ನು ಕಿಟಕಿಯ ಕಡೆ ಹೊರಳಿಸಿದಳು, ತಲೆದಿಂಬಿನ ಪಕ್ಕ ಕೈಗೆಟಕುವಂತೆ ನೀರಿಟ್ಟಳು, ಗಂಜಿ ಕುಡಿಸಿದಳು. ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು ಹಿತ್ತಲಿಗೆ ಬಂದಳು. ಗೂಡಿನ ಅಗುಳಿ ತೆಗೆದಳು. ಹುಂಜ ಮೊದಲು, ಆಮೇಲೆ ಉಳಿದ ಮೂರು ಹೇಂಟೆ ಹೊರಗೆ ಬಂದವು.

ಕೂಡುರಸ್ತೆಯಲ್ಲಿ ಬಸ್ಸು ಹಾರ್ನ್ ಮಾಡಿತು. ಆ ಬಸ್ಸು ಅಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಲ್ಲುತ್ತದೆ.

ಅವಳು ಬುಟ್ಟಿಯ ಪಕ್ಕ ನಿಂತಳು. ಹೋಗಬಹುದು. ಆ ಮನೆಯ ಬಾಗಿಲಲ್ಲಿ ನಿಂತು ಕೂಗಬಹುದು. ಮಗಳು ಕೂಸನ್ನೆತ್ತಿಕೊಂಡು ಓಡಿ ಬರಬಹುದು. ಇಲ್ಲವೇ ಒಳಗಿನಿಂದಲೇ, ಚಿಕ್ಕಮ್ಮಾ ಆಮೇಲೆ ಬಾ, ಎನ್ನಬಹುದು. ಕೋಳಿ ಮಾತ್ರ ಕಳಿಸು ಎಂದ ಅದೇ ದನಿಯಲ್ಲಿ. ಕಾವು ಬಿಡದ ಹೇಂಟೆ ಮೊಟ್ಟೆ ತೆಗೆದ ಮೇಲೂ ಖಾಲಿ ಹುಲ್ಲಿನ ಮೇಲೆ ಹೋಗಿ ಕೂರುವುದನ್ನು ಅವಳು ನೋಡಿದ್ದಳು. ಅದಕ್ಕೆ ತಾನೇ ಎಷ್ಟು ಸಲ ನಕ್ಕಿದ್ದಳು.

"ಚಿಕ್ಕಮ್ಮಾ!" ಬೀದಿಯ ಕಡೆಯಿಂದ ಮೊಟ್ಟೆ ಅಂಗಡಿಯವಳು ಕೂಗಿದಳು. "ಬಸ್ಸು ಬಂದಾಯ್ತು. ಓಡು. ನಾನು ಬರ್ತಾ ಇದ್ದೀನಿ."

"ಬೇಡ" ಎಂದಳು ಚಿಕ್ಕಮ್ಮ. "ನಾನು ಹೋಗಲ್ಲ. ನೀವೂ ಬರ್ಬೇಡಿ. ಅವರು ಬರೋವರೆಗೆ ಯಾರೂ ಬರೋದು ಬೇಡ. ಅತ್ತೆಗೆ ನಿದ್ದೆ ಬೇಕಂತೆ."

"ಏನಾಯ್ತೇ ನಿಂಗೆ?"

"ಏನಿಲ್ಲ."

ಬಸ್ಸು ಹೊರಟ ಸದ್ದು ಬೀದಿಯ ತುದಿಯಲ್ಲಿ ಕರಗಿತು. ಚಿಕ್ಕಮ್ಮ ಬಗ್ಗಿ, ಬುಟ್ಟಿಯ ಮೇಲಿನ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿದಳು. ಬುಟ್ಟಿಯನ್ನು ಕಾಲಿನಿಂದ ಉರುಳಿಸಿದಳು. ಚುಕ್ಕಿ ಬೆಳಕಿಗೆ ಕಣ್ಣು ಮಿಟುಕಿಸಿ, ಎರಡು ಹೆಜ್ಜೆ ತೂರಾಡಿ, ಮಣ್ಣು ಕೆದಕದೆ, ನೇರ ಗೂಡಿನೊಳಕ್ಕೆ ಹೋಯಿತು.

ಪೆಟ್ಟಿಗೆ ಹಿಡಿದುಕೊಂಡೇ ಅವಳು ಕಿಟಕಿಯ ಬಳಿ ಬಂದಳು. ಒಳಗಿಂದ ಅತ್ತೆಯ ಮುಖ ಅರಳಿತು.

"ಹೋಗ್ಲಿಲ್ವಾ? ಒಳ್ಳೇದಾಯ್ತು. ಚುಕ್ಕಿನ ಯಾಕೆ ಬಿಟ್ಟೆ? ಇನ್ನೂ ಮೂರು ದಿನ ಆಗಿಲ್ಲ ಕಣೆ."

ಚಿಕ್ಕಮ್ಮ ಕಿಟಕಿಯ ಎಡಬಾಗಿಲು ಎಳೆದಳು.

"ಏನ್ಮಾಡ್ತಿದ್ದೀಯ? ಬಿಸಿಲು ಇನ್ನೂ ಬಂದಿಲ್ಲ. ತೆಗಿ. ಕೋಳಿ ಕಾಣ್ಬೇಕು ನಂಗೆ."

ಬಲಬಾಗಿಲು ಎಳೆದಳು. ಹೊರಕ್ಕೆ ಚಾಚಿದ್ದ ಕೋಲನ್ನು ಒಳಕ್ಕೆ ತಳ್ಳಿ, ಎರಡನ್ನೂ ಸೇರಿಸಿ, ಕಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಇಟ್ಟಳು. ಬಾಗಿಲುಗಳ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು. ಅದರೊಳಗೆ ಒಂದು ಕಣ್ಣು ಕಂಡಿತು.

"ಯಾಕೆ ಮಾತಾಡಲ್ಲ? ಏ, ನಿನ್ನೇ ಕೇಳ್ತಿರೋದು. ಕತ್ತಲೆ ಕಣೆ ಇಲ್ಲಿ."

ಹೊತ್ತಿಗೆ ಗಂಜಿ ಕೊಡುತ್ತಾಳೆ. ಬೋಗುಣಿ ಎತ್ತುತ್ತಾಳೆ. ಬೆನ್ನು ಒರೆಸಿ ಹೊರಳಿಸುತ್ತಾಳೆ, ಹುಣ್ಣಾಗಲು ಬಿಡುವುದಿಲ್ಲ. ಮಗ ಬಂದು ನೋಡಿದರೆ ಒಂದೂ ಕೊರತೆ ಕಾಣಬಾರದು. ಮಾತೊಂದು ಇರುವುದಿಲ್ಲ, ಬೆಳಕೊಂದು ಇರುವುದಿಲ್ಲ. ಇಷ್ಟೇ. ಮೂರು ದಿನ.

ಅವಳು ಚೀಲದಿಂದ ಎಂಟನೆಯ ಪುಟ್ಟ ಅಂಗಿ ತೆಗೆದಳು. ಯಾರದೋ ಸಮವಸ್ತ್ರದ ನೀಲಿ. ಅದನ್ನು ನಾಲ್ಕು ಮಡಿಕೆ ಮಾಡಿ, ಬಾಗಿಲ ಸಂದಿಗೆ, ಆ ಕಣ್ಣು ಕಂಡ ಜಾಗಕ್ಕೆ, ಬೆರಳಿನಿಂದ ಒತ್ತಿ ಒತ್ತಿ ತುರುಕಿದಳು.

ಆಮೇಲೆ ಕಾಳಿನ ಡಬ್ಬ ತಂದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ಕೋಲು ಕಿಟಕಿಯ ಬಾಗಿಲಿಗೆ ಬಡಿಯತೊಡಗಿತು. ಕೋಳಿಗಳು ಒಮ್ಮೆ ಬೆಚ್ಚಿ ತಲೆ ಎತ್ತಿ, ಏನೂ ಆಗದ್ದು ಕಂಡು ಮತ್ತೆ ಅವಳ ಕಾಲ ಬಳಿ ಬಂದವು. ಅವಳು ಒಂದು ಹಿಡಿ ಎರಚಿದಳು.